ಮೀಸೆಯ ಮಣ್ಣು

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ಕನ್ನಡಿಗರು ಸೋತವನನ್ನು ಹಾಸ್ಯಮಾಡುವುದಕ್ಕಾಗಿ ಬಳಸುವುದುಂಟು. ಆದರೆ ಆ ಗಾದೆಯಲ್ಲಿ ಹಾಸ್ಯದೊಡನೆ ನ್ಯಾಯನಿರ್ಣಯದ ಒಂದು ಕ್ರಮವೂ ಅಡಗಿದೆ. ಗರಡಿಯ ಕೆಮ್ಮಣ್ಣು ಸುಳ್ಳಾಡುವುದಿಲ್ಲ. ಅದು ಯಾರ ಬೆನ್ನಿಗೆ ಅಂಟಿತೋ ಅವನು ಸೋತನು. ಸುತ್ತ ಕುಳಿತ ಜನರೆಲ್ಲ ಅದನ್ನು ಕಂಡರು. ಮರುದಿನ ಜಟ್ಟಿಯು ತನ್ನ ಮೀಸೆಯ ವಿಚಾರವಾಗಿ ಏನು ಹೇಳಿಕೊಂಡರೂ ಕೇಳಿದವರು ನಕ್ಕು ಸುಮ್ಮನಾಗುವರು. ಕಾಳಗವು ಬಯಲಿನಲ್ಲಿ ನಡೆಯುವುದರಿಂದ ಒದಗುವ ಸೌಕರ್ಯವಿದು. ಮಣ್ಣೂ ಇಲ್ಲದ, ನೋಟಕರೂ ಇಲ್ಲದ, ಬಾಗಿಲು ಮುಚ್ಚಿದ ಕೋಣೆಯೊಂದರಲ್ಲಿ ಇಬ್ಬರು ಜಟ್ಟಿಗಳು ಸೆಣಸಿದರೆ ಸೋಲುಗೆಲವುಗಳ ಗತಿಯೇನಾಗಬೇಕು?

1964ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಓಕ್‌ಲೆಂಡ್ ನಗರದಲ್ಲಿ ಇಂತಹದೊಂದು ಕಾಳಗವು ನಡೆಯಿತು. ಒಂದು ಕಡೆ ಬ್ರೂಸ್ ಲೀ. ಇನ್ನೊಂದು ಕಡೆ ವಾಂಗ್ ಜಾಕ್ ಮನ್. ಇಬ್ಬರೂ ಇಪ್ಪತ್ತೈದು ತುಂಬದ ಚೀನೀ ತರುಣರು. ಇಬ್ಬರೂ ಹಾಂಗ್‌ಕಾಂಗಿನಿಂದ ಬಂದವರು. ಹೊಟ್ಟೆಯ ಪಾಡಿಗಾಗಿ ಇಬ್ಬರೂ ಚೀನೀ ಹೋಟೆಲುಗಳಲ್ಲಿ ಮಾಣಿಗಳಾಗಿ ದುಡಿದವರು. ಕಾಳಗ ನಡೆದುದು ನಿಜ. ಅದನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಅದು ಏತಕ್ಕಾಗಿ ನಡೆಯಿತು, ಎಷ್ಟು ಹೊತ್ತು ನಡೆಯಿತು, ಹೇಗೆ ಮುಗಿಯಿತು, ಯಾರು ಗೆದ್ದರು ಎಂಬ ನಾಲ್ಕು ಪ್ರಶ್ನೆಗಳಿಗೂ ಎರಡೆರಡು ಉತ್ತರಗಳು ಅಂದಿನಿಂದ ಪ್ರಚಾರದಲ್ಲಿವೆ. ಕೋಣೆಯೊಳಗೆ ಎಷ್ಟು ಮಂದಿಯಿದ್ದರೆಂಬುದರಲ್ಲಿಯೂ ಏಕಾಭಿಪ್ರಾಯವಿಲ್ಲ. ಇದ್ದವರನ್ನೆಲ್ಲ ಸೇರಿಸಿದರೂ ಒಂದು ಮದುವೆಯ ಊಟದ ಪಂಕ್ತಿ ತುಂಬದು.

ಬ್ರೂಸ್ ಲೀಯ ಹೆಸರನ್ನು ಕೇಳದ ಮನೆ ಇಂದು ವಿರಳ. ಆದರೂ ಆತನ ಪೂರ್ವವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳುವುದು ಉಚಿತ. ಆತನು ಹುಟ್ಟಿದುದು 1940ನೆಯ ಇಸವಿ ನವೆಂಬರ್ 27ರಂದು, ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ. ತಂದೆಯು ಕ್ಯಾಂಟನ್ ಸಂಪ್ರದಾಯದ ನಾಟಕಗಳ ಹೆಸರಾಂತ ನಟ. ನಾಟಕಮಂಡಲಿಯೊಡನೆ ಸಂಚಾರದಲ್ಲಿದ್ದಾಗ ಈ ಮಗುವು ಅಮೆರಿಕದಲ್ಲಿ ಹುಟ್ಟಿತು. ಬೆಳೆದುದು ಹಾಂಗ್‌ಕಾಂಗಿನಲ್ಲಿ. ಅಲ್ಲಿ ಇಪ್ ಮ್ಯಾನ್ ಎಂಬ ಗುರುವಿನ ಬಳಿ ವಿಂಗ್ ಚುನ್ ಎಂಬ ಮಲ್ಲವಿದ್ಯೆಯನ್ನು ಕಲಿತನು. ಈ ವಿದ್ಯೆಯಲ್ಲಿ ಆಡಂಬರ ಕಡಮೆ. ಎದುರಾಳಿಯ ಹತ್ತಿರಕ್ಕೆ ನುಗ್ಗಿ, ನೇರವಾಗಿ, ಒಂದರ ಮೇಲೊಂದು ಗುದ್ದುಗಳನ್ನು ಬಿಡುವುದು ಇದರ ತಿರುಳು. 1958ರಲ್ಲಿ ಹಾಂಗ್‌ಕಾಂಗಿನ ಚಾ-ಚಾ ನೃತ್ಯಸ್ಪರ್ಧೆಯಲ್ಲಿ ಮೊದಲನೆಯವನಾಗಿ ಬಂದವನೂ ಈತನೇ. 1959ರಲ್ಲಿ ಅಮೆರಿಕಕ್ಕೆ ಮರಳಿ, ಸಿಯಾಟಲಿನಲ್ಲಿ ಓದುತ್ತ, ಪಾಠ ಹೇಳುತ್ತ, 1964ರ ಆಗಸ್ಟ್ 17ರಂದು ಲಿಂಡಾ ಎಮೆರಿ ಎಂಬ ಅಮೆರಿಕದ ತರುಣಿಯನ್ನು ಮದುವೆಯಾದನು. ಆ ವರ್ಷವೇ ಓಕ್‌ಲೆಂಡಿನಲ್ಲಿ ಜೇಮ್ಸ್ ಯಿಮ್ ಲೀ ಎಂಬ ಹಿರಿಯ ಮಿತ್ರನೊಡನೆ ಗರಡಿಯನ್ನು ತೆರೆದನು. ಈ ಜೇಮ್ಸನು ಬಂಧುವಲ್ಲ. ಕಬ್ಬಿಣ ಬೆಸೆಯುವ ಕಸುಬಿನವನು, ಭಾರ ಎತ್ತುವುದರಲ್ಲಿ ಗಟ್ಟಿಗ, ಮಲ್ಲವಿದ್ಯೆಯ ಪುಸ್ತಕಗಳನ್ನು ತಾನೇ ಬರೆದು ತಾನೇ ಅಚ್ಚುಹಾಕಿಸಿ ಮಾರಿದವನು.

ವಾಂಗ್ ಜಾಕ್ ಮನ್ ಉತ್ತರ ಷಾವೋಲಿನ್ ಪಂಥದವನು. ದೂರ ನಿಂತು ಕಾಲುಗಳನ್ನು ಬೀಸುವುದು, ಹಾರುವುದು, ಸುತ್ತುವುದು, ಅಂಗಾಂಗಗಳನ್ನು ನೀಳವಾಗಿ ಚಾಚುವುದು ಈ ಪಂಥದ ಲಕ್ಷಣ. ಒಬ್ಬನ ವಿದ್ಯೆಗೆ ಹತ್ತಿರ ಬೇಕು. ಇನ್ನೊಬ್ಬನ ವಿದ್ಯೆಗೆ ದೂರ ಬೇಕು. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವಿದೆ. ಸ್ವಭಾವದಲ್ಲಿಯೂ ಅಷ್ಟೇ ಅಂತರ. ಲೀಯು ಮಾತುಗಾರ, ವಾಂಗನು ಮಿತಭಾಷಿ. ಲೋಕವು ಮಾತುಗಾರನ ಕಥೆಯನ್ನು ಮೊದಲು ಕೇಳಿತೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ.

ಜಗಳದ ಬೀಜವು ಬಿದ್ದುದು ಅದೇ ಆಗಸ್ಟ್ ತಿಂಗಳಿನ ಕೊನೆಯಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದ ಚೀನಿಯರ ಕೇರಿಯಲ್ಲಿದ್ದ ಸನ್ ಸಿಂಗ್ ಎಂಬ ಚಿತ್ರಮಂದಿರದಲ್ಲಿ. ಹಾಂಗ್‌ಕಾಂಗಿನ ಚಿತ್ರನಟಿ ಡಯಾನಾ ಚಾಂಗ್ ತನ್ನ ಚಿತ್ರದ ಪ್ರಚಾರಕ್ಕಾಗಿ ಅಲ್ಲಿಗೆ ಬಂದಿದ್ದಳು. ಆಕೆಯೊಡನೆ ರಂಗದ ಮೇಲೆ ಚಾ-ಚಾ ಕುಣಿಯುವುದಕ್ಕೆ ಬ್ರೂಸ್ ಲೀ ಬೇಕಾಗಿತ್ತು. ಕುಣಿತವಾದ ಮೇಲೆ ಆತನು ತನ್ನ ಮಲ್ಲವಿದ್ಯೆಯನ್ನೂ ಪ್ರದರ್ಶಿಸಿದನು. ಅಷ್ಟಕ್ಕೇ ಬಿಟ್ಟಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಆತನು ಬಿಡಲಿಲ್ಲ. ಹಳೆಯ ಗುರುಗಳ ವರಸೆಗಳನ್ನು ಅಣಕಿಸಿ, ಇವೆಲ್ಲ ನೋಟಕ್ಕೆ ಚೆನ್ನ, ಕಾಳಗಕ್ಕೆ ಬಾರವು ಎಂದು ಆಡಿತೋರಿಸಿದನು. ಮುಂದೆ ಕುಳಿತವರಲ್ಲಿ ಆ ಗುರುಗಳ ಶಿಷ್ಯರೇ ಬಹುಮಂದಿ. ಸಭೆಯಲ್ಲಿ ಕೂಗಾಟವಾಯಿತು. ಕೊನೆಗೆ ಲೀಯು, ತನ್ನ ವಿದ್ಯೆಯನ್ನು ಪರೀಕ್ಷಿಸಬೇಕೆನ್ನುವವರು ಓಕ್‌ಲೆಂಡಿನ ಗರಡಿಗೆ ಬರಬಹುದು ಎಂಬರ್ಥದ ಮಾತನ್ನಾಡಿದನು.

ಆ ಮಾತು ಆಹ್ವಾನವೋ ಸವಾಲೋ? ಮೊದಲನೆಯ ಭಿನ್ನಾಭಿಪ್ರಾಯವು ಇಲ್ಲಿಂದಲೇ ಆರಂಭವಾಗುತ್ತದೆ. ಲೀಯ ಕಡೆಯವರು, ಅದು ಹೊಸ ವಿದ್ಯೆಯನ್ನು ವಿವರಿಸಲು ಹೊರಟ ಉಪಾಧ್ಯಾಯನ ಉತ್ಸಾಹದ ಮಾತು ಎಂದರು. ಕೇರಿಯವರು, ಅದು ಸ್ಯಾನ್‌ಫ್ರಾನ್ಸಿಸ್ಕೋದ ಜಟ್ಟಿಗಳಿಗೆಲ್ಲ ಹಾಕಿದ ಸವಾಲು ಎಂದು ಕೇಳಿಸಿಕೊಂಡರು. ವಿಶೇಷವೇನೆಂದರೆ ಆ ರಾತ್ರಿ ವಾಂಗನು ಅಲ್ಲಿರಲೇ ಇಲ್ಲ. ಮಿತ್ರರ ಬಾಯಿಂದ ಕೇಳಿ, ವಿಚಾರಿಸಿ, ಅನಂತರ ಕಾಗದ ಬರೆದನು. ಆ ಕಾಗದವನ್ನು ಓಕ್‌ಲೆಂಡಿಗೆ ಒಯ್ದವನು ಡೇವಿಡ್ ಚಿನ್ ಎಂಬ ಹುಡುಗ. ಒಬ್ಬನು ಆಡಿದ ಮಾತು, ಹಲವರು ಕೇಳಿದ ಮಾತು, ಮತ್ತೊಬ್ಬನಿಗೆ ತಲುಪಿದ ಮಾತು: ಮೂರೂ ಬೇರೆ ಬೇರೆಯಾಗಿದ್ದಿರಬಹುದು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕೇರಿಗಳಲ್ಲಿಯೂ ಇರುತ್ತಾರೆ.

ಇನ್ನು ಲಿಂಡಾ ಹೇಳುವ ಕಾರಣವೇ ಬೇರೆ. ಪತಿಯು ತೀರಿಕೊಂಡ ಎರಡು ವರ್ಷಗಳ ಮೇಲೆ, 1975ರಲ್ಲಿ, ಆಕೆ ಪ್ರಕಟಿಸಿದ ಜೀವನಚರಿತ್ರೆಯ ಪ್ರಕಾರ ವಾಂಗನೂ ಅವನ ಸಂಗಡಿಗರೂ ಒಂದು ಪತ್ರವನ್ನು ಹಿಡಿದು ಬಂದರು. ಚೀನಿಯರಲ್ಲದವರಿಗೆ ಈ ವಿದ್ಯೆಯನ್ನು ಹೇಳಿಕೊಡುವುದನ್ನು ಬ್ರೂಸ್ ನಿಲ್ಲಿಸಬೇಕು. ಇಲ್ಲವಾದರೆ ಕಾಳಗಕ್ಕೆ ನಿಲ್ಲಬೇಕು. ಸೋತರೆ ಗರಡಿಯನ್ನು ಮುಚ್ಚಬೇಕು. ಈ ಕಾರಣವು ಕೇಳುವುದಕ್ಕೆ ಬಹಳ ಉದಾತ್ತವಾಗಿದೆ. ಜಾತಿಮತ ಭೇದವಿಲ್ಲದೆ ವಿದ್ಯಾದಾನ ಮಾಡಹೊರಟ ತರುಣನೊಬ್ಬನನ್ನು ಸಂಪ್ರದಾಯದ ಕಾವಲುಗಾರರು ತಡೆದರೆಂದರೆ ಯಾರ ಮನಸ್ಸು ಆ ತರುಣನ ಕಡೆಗೆ ವಾಲುವುದಿಲ್ಲ? ಚಲಚ್ಚಿತ್ರಗಳು ಹಿಡಿದುಕೊಂಡುದೂ ಈ ಕಾರಣವನ್ನೇ.

ಇದರಲ್ಲಿ ಸತ್ಯದ ಅಂಶವೇ ಇಲ್ಲವೆನ್ನಲಾಗದು. ಚೀನಿಯರು ಅಮೆರಿಕಕ್ಕೆ ಬರುವುದನ್ನು ತಡೆಯುವ ಕಾನೂನು 1882ರಲ್ಲಿ ಹುಟ್ಟಿ 1943ರವರೆಗೆ ಜಾರಿಯಲ್ಲಿತ್ತು. ಅರುವತ್ತು ವರ್ಷಗಳ ಕಾಲ ಹೊರಗಿನವರಿಂದ ತಿರಸ್ಕಾರವನ್ನೂ ಪೆಟ್ಟನ್ನೂ ತಿಂದ ಜನರು ತಮ್ಮ ಕೇರಿಯ ಬಾಗಿಲನ್ನು ಭದ್ರಪಡಿಸಿಕೊಂಡುದು ಸಹಜ. ಆತ್ಮರಕ್ಷಣೆಯ ವಿದ್ಯೆಯನ್ನು ಯಾರಿಂದ ರಕ್ಷಣೆ ಬೇಕಾಗಿತ್ತೋ ಅವರಿಗೇ ಕಲಿಸುವುದೆಂತು ಎಂದು ಹಿರಿಯರು ಯೋಚಿಸಿದ್ದರೆ ಅದನ್ನು ಬರಿಯ ಸಣ್ಣತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ 1964ರ ಹೊತ್ತಿಗೆ ಈ ಬಾಗಿಲು ಸಡಿಲವಾಗುತ್ತಿತ್ತು. ಲಾಸ್ ಏಂಜಲೀಸಿನಲ್ಲಿ ಆರ್ಕ್ ವಾಂಗ್ ಎಂಬ ವೃದ್ಧ ಗುರುವು ಅದೇ ಸುಮಾರಿನಲ್ಲಿ ಎಲ್ಲ ಜನಾಂಗದವರನ್ನೂ ಶಿಷ್ಯರನ್ನಾಗಿ ಸ್ವೀಕರಿಸಿದನು. ಅವನ ಮೇಲೆ ಯಾರೂ ಕಾಗದ ಹಿಡಿದು ಹೋಗಲಿಲ್ಲ. ವಾಂಗ್ ಜಾಕ್ ಮನ್ ಈ ಆರೋಪವನ್ನು ಕೊನೆಯವರೆಗೂ ಅಲ್ಲಗಳೆದನು; ಮುಂದೆ ತಾನೂ ಬಿಳಿಯರಿಗೆ, ಬಿಳಿಯರಲ್ಲದವರಿಗೆ, ಬಂದವರಿಗೆಲ್ಲ ಪಾಠ ಹೇಳಿದನು.

ಇದಲ್ಲದೆ ಇನ್ನೊಂದು ಸೂಕ್ಷ್ಮವಿದೆ. ಆ ದಿನ ಗರಡಿಯಲ್ಲಿ ಎರಡು ಪಕ್ಷದವರೂ ಮಾತನಾಡಿದುದು ಅವರ ಕ್ಯಾಂಟನೀಸ್ ಭಾಷೆಯಲ್ಲಿ. ಲಿಂಡಾ ವಾಷಿಂಗ್ಟನ್ ಸಂಸ್ಥಾನದಲ್ಲಿ ಬೆಳೆದ ಹೆಣ್ಣು. ಮದುವೆಯಾಗಿ ಕೆಲವೇ ತಿಂಗಳಾಗಿತ್ತು. ಮಾತಿನ ತಿರುಳನ್ನು ಆಕೆಗೆ ಹೇಳಿದವನು ಪತಿಯೇ ಆಗಿರಬೇಕು. ಹೀಗಾಗಿ ಕಾರಣದ ವಿಷಯದಲ್ಲಿ ಆಕೆಯ ಸಾಕ್ಷ್ಯವು ಕಂಡ ಸಾಕ್ಷ್ಯವಲ್ಲ, ಕೇಳಿದ ಸಾಕ್ಷ್ಯ. ಆಕೆ ಸುಳ್ಳು ಹೇಳಿದಳೆಂದು ಇದರ ಅರ್ಥವಲ್ಲ. ಪತಿಯು ನಂಬಿದುದನ್ನು ಆಕೆಯೂ ನಂಬಿದಳು, ಅಷ್ಟೆ.

ಕಾಳಗದ ವಿಷಯ ಹಾಗಲ್ಲ. ಅದನ್ನು ನೋಡುವುದಕ್ಕೆ ಯಾವ ಭಾಷೆಯೂ ಬೇಡ.

ಲಿಂಡಾ ಹೇಳುವುದಿದು. ವಾಂಗನ ಕಡೆಯವರು ಮುಖಕ್ಕೆ ಹೊಡೆಯಬಾರದು, ಮರ್ಮಸ್ಥಾನಕ್ಕೆ ಒದೆಯಬಾರದು ಎಂಬಂತಹ ಕೆಲವು ನಿಯಮಗಳನ್ನು ಮುಂದಿಟ್ಟರು. ಸವಾಲು ಹಾಕಿ ಬಂದವರು ನೀವು, ನಿಯಮ ಹೇಳುವವರೂ ನೀವೇಯೋ ಎಂದು ಬ್ರೂಸ್ ಸಿಟ್ಟಿಗೆದ್ದು ಯಾವ ನಿಯಮವೂ ಇಲ್ಲವೆಂದುಬಿಟ್ಟನು. ಕೈ ಸೇರಿದ ಸ್ವಲ್ಪ ಹೊತ್ತಿನಲ್ಲಿಯೇ ವಾಂಗನು ಹಿಂದೆ ಸರಿಯತೊಡಗಿದನು. ಸಂಗಡಿಗರು ಬಿಡಿಸಲು ಬಂದಾಗ ಜೇಮ್ಸನು ತಡೆದನು. ಆಮೇಲೆ ವಾಂಗನು ಕಾಲಿಗೆ ಬುದ್ಧಿ ಹೇಳಿ ಕೋಣೆಯ ಸುತ್ತ ಓಡಿದನು. ಬ್ರೂಸ್ ಬೆನ್ನಟ್ಟಿ, ಹಿಡಿದು, ನೆಲಕ್ಕೆ ಕೆಡವಿ, ಸೋತೆಯಾ ಎಂದು ಕೇಳಿದನು. ಸೋತೆನೆಂದು ಉತ್ತರ ಬಂದಿತು. ಎಲ್ಲ ಸೇರಿ ಮೂರು ನಿಮಿಷ.

ವಾಂಗನು ಹೇಳಿದುದು 1980ರಲ್ಲಿ. ಅವನ ಬಳಿ ವಿದ್ಯೆ ಕಲಿತ ಮೈಕೇಲ್ ಡಾರ್ಗನ್ ಎಂಬ ಪತ್ರಿಕಾಲೇಖಕನು ಅದನ್ನು ಅಮೆರಿಕದ ಒಂದು ಕರಾಟೆ ಮಾಸಪತ್ರಿಕೆಯಲ್ಲಿ ಬರೆದನು. ಅದರ ಪ್ರಕಾರ ವಾಂಗನು ಮರ್ಯಾದೆಗೆಂದು ಕೈ ಚಾಚಿದಾಗಲೇ ಲೀಯ ಬೆರಳುಗಳು ಅವನ ಕಣ್ಣುಗಳ ಕಡೆಗೆ ಬಂದವು. ಲೀಯು ಕೊಲ್ಲುವವನಂತೆ ಹೋರಾಡಿದನು. ವಾಂಗನು ಮೂರು ಸಲ ಲೀಯ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೂ ಬಿಟ್ಟುಕೊಟ್ಟನು. ತನ್ನ ವಿದ್ಯೆಯ ಜೀವಾಳವಾದ ಒದೆತಗಳನ್ನು, ಅಪಾಯವಾದೀತೆಂದು, ಬಳಸಲೇ ಇಲ್ಲ. ಯಾರೂ ನೆಲಕ್ಕೆ ಬೀಳಲಿಲ್ಲ, ಯಾರೂ ಸೋತೆನೆನ್ನಲಿಲ್ಲ. ಲೀಗೆ ಉಸಿರು ಸಾಲದೆ ಹೋದುದರಿಂದ ಕಾಳಗ ನಿಂತಿತು. ಕಾಲ, ಇಪ್ಪತ್ತು ನಿಮಿಷಕ್ಕೆ ಕಡಮೆಯಿಲ್ಲ. ವಿಲಿಯಂ ಚೆನ್ ಎಂಬ ತೈಜಿ ಉಪಾಧ್ಯಾಯನೂ ತಾನು ಕಂಡುದು ಸುಮಾರಾಗಿ ಹೀಗೆಯೇ ಎಂದನು.

ಮೂರಕ್ಕೂ ಇಪ್ಪತ್ತಕ್ಕೂ ಎಷ್ಟು ಅಂತರ! ಪತಿಯು ಗುದ್ದಾಟದಲ್ಲಿರುವಾಗ, 1965ರ ಫೆಬ್ರವರಿ ಮೊದಲ ದಿನ ಹೆರಿಗೆಯಾಗಲಿದ್ದ ಗರ್ಭಿಣಿಗೆ ಮೂರು ನಿಮಿಷವು ಇಪ್ಪತ್ತಾಗಿ ತೋರುವುದೇ ಸ್ವಾಭಾವಿಕ. ಇಲ್ಲಿಯಾದರೋ ಹೆಂಡತಿಯು ಕಡಮೆ ಹೇಳುತ್ತಾಳೆ, ಹೋರಾಡಿದವನು ಹೆಚ್ಚು ಹೇಳುತ್ತಾನೆ. ಈ ಒಂದು ವಿಷಯದಲ್ಲಿ ಲಿಂಡಾಳ ಮಾತೇ ನಂಬುಗೆಗೆ ಹತ್ತಿರವಾಗಿದೆ. ನುರಿತ ಮುಷ್ಟಿಕಾಳಗದವರು ಸಹ ಮೂರು ನಿಮಿಷ ಹೊಡೆದಾಡಿ ಒಂದು ನಿಮಿಷ ಕುಳಿತು ನೀರು ಕುಡಿಯುತ್ತಾರೆ. ಮೈಯ ಶಕ್ತಿಯನ್ನೆಲ್ಲ ಹಾಕಿ, ಕೋಪದಿಂದ, ನಡುವೆ ನಿಲ್ಲದೆ ಹೋರಾಡುವವನಿಗೆ ಇಪ್ಪತ್ತು ನಿಮಿಷವೆಂಬುದು ಆಗದ ಮಾತು. ವಾಂಗನು ಹೇಳುವಂತೆ ಲೀಯ ಉಸಿರು ನಿಜವಾಗಿ ಸಾಲದೆ ಹೋಗಿದ್ದರೆ ಆ ಕೊರತೆ ಇಪ್ಪತ್ತು ನಿಮಿಷದ ಮೊದಲೇ ಕಾಣಿಸಿಕೊಳ್ಳಬೇಕಾಗಿತ್ತು. ಇದಕ್ಕೆ ಮತ್ತೊಂದು ಆಧಾರವೂ ಇದೆ. ಕಾಗದವನ್ನು ಒಯ್ದ ಡೇವಿಡ್ ಚಿನ್ ಅಂದು ಬಂದುದು ವಾಂಗನ ಜೊತೆಗೆ. ಅವನೇ ಎಷ್ಟೋ ವರ್ಷಗಳ ಮೇಲೆ ಲೀಯ ಚರಿತ್ರಕಾರರ ಮುಂದೆ ಹೇಳಿದ ಮಾತುಗಳು ಓಕ್‌ಲೆಂಡಿನ ಪಕ್ಷಕ್ಕೇ ಹೆಚ್ಚು ಒಪ್ಪುತ್ತವೆ.

ಓಡಿದನೆಂಬ ಮಾತು ಮಾತ್ರ ಇನ್ನೊಂದು ನೋಟವನ್ನು ಬೇಡುತ್ತದೆ. ಮೊದಲು ಹೇಳಿದ ಸಣ್ಣ ಸಂಗತಿಯು ಈಗ ಪ್ರಯೋಜನಕ್ಕೆ ಬರುತ್ತದೆ. ದೂರದ ವಿದ್ಯೆಯವನು ಹತ್ತಿರದ ವಿದ್ಯೆಯವನಿಗೆ ಸಿಕ್ಕಿಬಿದ್ದಾಗ ಮಾಡಬೇಕಾದ ಮೊದಲನೆಯ ಕೆಲಸವೇ ಹಿಂದೆ ಸರಿಯುವುದು. ಗುದ್ದುಗಳು ಮಳೆಯಂತೆ ಬೀಳುತ್ತಿರುವಾಗ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಕೈ ಬೀಸುವುದು ಅವನಿಗೆ ಯುಕ್ತಿ, ನೋಡಿದವರಿಗೆ ಪಲಾಯನ. ಜಟ್ಟಿಯು ಮೈ ಜಾರಿಸಿಕೊಂಡುದಕ್ಕೂ ಓಡಿಹೋದುದಕ್ಕೂ ಗರಡಿಯಲ್ಲಿ ಭೇದವುಂಟು. ಭೇದವನ್ನು ಹೇಳುವುದಕ್ಕೆ ಅಲ್ಲಿ ಪಂಚನೊಬ್ಬನು ನಿಂತಿರುತ್ತಾನೆ. ಓಕ್‌ಲೆಂಡಿನಲ್ಲಿ ಪಂಚನಿರಲಿಲ್ಲ. ಸೋಲೆಂದರೆ ಏನೆಂಬುದನ್ನು ಎರಡು ಪಕ್ಷದವರೂ ಮೊದಲೇ ಗೊತ್ತುಮಾಡಿಕೊಂಡಿರಲಿಲ್ಲ. ಬಿದ್ದರೆ ಸೋಲೋ, ರಕ್ತ ಬಂದರೆ ಸೋಲೋ, ಸಾಕೆಂದರೆ ಸೋಲೋ? ಗೆರೆ ಎಳೆಯದೆ ಆಡಿದ ಆಟದಲ್ಲಿ ಗೆರೆ ದಾಟಿದವನಾರೆಂದು ಕೇಳಿದರೆ ಯಾರು ಏನು ಹೇಳಬಲ್ಲರು? ನಿಯಮ ಬೇಡವೆಂದವನು ಲೀ. ಹಾಗೆ ಹೇಳುವುದರಿಂದ ಹೊಡೆಯುವುದಕ್ಕೆ ಅನುಕೂಲವಾಯಿತು. ಗೆದ್ದೆನೆಂದು ಸಿದ್ಧಪಡಿಸುವುದಕ್ಕೆ ಅಡ್ಡಿಯಾಯಿತು.

ವಾಂಗನ ಮಾತಿನಲ್ಲಿಯೂ ಒಂದು ತೊಡಕಿದೆ. ಒದೆಯಬಹುದಾಗಿತ್ತು, ಒದೆಯಲಿಲ್ಲ, ಉಸಿರುಗಟ್ಟಿಸಬಹುದಾಗಿತ್ತು, ಬಿಟ್ಟೆ ಎಂಬ ಮಾತುಗಳು ನಿಜವಾಗಿರಬಹುದು. ಆದರೆ ಬಳಸದ ಬಾಣವನ್ನು ಯಾವ ಯುದ್ಧದ ಲೆಕ್ಕದಲ್ಲಿಯೂ ಸೇರಿಸಿಕೊಳ್ಳುವುದಿಲ್ಲ. ಮೀಸೆಯ ಗಾದೆ ಹುಟ್ಟಿದುದು ಇಂತಹ ಮಾತುಗಳನ್ನು ಕೇಳಿಯೇ ಇರಬೇಕು.

ಕಾಳಗವಾದ ಕೆಲವು ವಾರಗಳಲ್ಲಿಯೇ ಸುದ್ದಿಯು ಚೀನೀ ಪತ್ರಿಕೆಗಳಿಗೆ ಸೇರಿತು. ಹಾಂಗ್‌ಕಾಂಗಿನವರೆಗೂ ಹಬ್ಬಿ, ಅಲ್ಲಿ ಚಿತ್ರನಟಿಯ ಹೆಸರೂ ಇದಕ್ಕೆ ತಳುಕುಹಾಕಿಕೊಂಡಿತು. ಹೆಣ್ಣೊಬ್ಬಳನ್ನು ತಂದು ನಿಲ್ಲಿಸದೆ ಗಂಡಸರ ಜಗಳಕ್ಕೆ ಕಳೆಕಟ್ಟುವುದಿಲ್ಲವೆಂದು ಪತ್ರಿಕೆಯವರು ಭಾವಿಸಿದರೋ ಏನೋ. ಆಗ ವಾಂಗನು ಸ್ಯಾನ್‌ಫ್ರಾನ್ಸಿಸ್ಕೋದ ಚೈನೀಸ್ ಪೆಸಿಫಿಕ್ ವೀಕ್ಲಿ ಎಂಬ ವಾರಪತ್ರಿಕೆಯಲ್ಲಿ ತನ್ನ ವೃತ್ತಾಂತವನ್ನು ಪ್ರಕಟಿಸಿದನು. ಇನ್ನು ಮುಂದೆ ಪತ್ರಿಕೆಯಲ್ಲಿ ವಾದಿಸುವುದಿಲ್ಲ. ಮತ್ತೆ ಹೋರಾಡಬೇಕಾಗಿ ಬಂದರೆ ಎಲ್ಲರೂ ಕಣ್ಣಾರೆ ಕಾಣುವಂತೆ ಬಹಿರಂಗವಾಗಿ ಹೋರಾಡುತ್ತೇನೆ ಎಂಬುದು ಅವನ ಕೊನೆಯ ಮಾತಾಗಿತ್ತು. ಲೀಯಿಂದ ಇದಕ್ಕೆ ಉತ್ತರ ಬರಲಿಲ್ಲ.

ಲೀಯ ಪಕ್ಷದವರು, ಗೆದ್ದವನು ಎರಡನೆಯ ಸಲ ಏಕೆ ಹೋರಾಡಬೇಕು ಎನ್ನುತ್ತಾರೆ. ವಾಂಗನ ಪಕ್ಷದವರು, ನಿಜವಾಗಿ ಗೆದ್ದಿದ್ದರೆ ಬಹಿರಂಗದಲ್ಲಿ ಗೆಲ್ಲಲು ಅಂಜಿಕೆಯೇಕೆ ಎನ್ನುತ್ತಾರೆ. ಎರಡೂ ತರ್ಕವೇ; ಎರಡರಿಂದಲೂ ಏನೂ ಸಿದ್ಧಪಡುವುದಿಲ್ಲ.

ಮುಂದಿನ ವರ್ಷಗಳಲ್ಲಿ ಇಬ್ಬರ ಪಾಡೂ ಬೇರೆಯಾಯಿತು. ಲೀಯು ದೂರದರ್ಶನದಲ್ಲಿ, ಆಮೇಲೆ ಚಿತ್ರಗಳಲ್ಲಿ ಕಾಣಿಸಿಕೊಂಡು ಜಗತ್ಪ್ರಸಿದ್ಧನಾಗಿ 1973ರ ಜುಲೈ 20ರಂದು, 32ನೆಯ ವಯಸ್ಸಿನಲ್ಲಿ, ಹಾಂಗ್‌ಕಾಂಗಿನಲ್ಲಿ ಮಡಿದನು. ಜೇಮ್ಸ್ ಯಿಮ್ ಲೀ ಅದಕ್ಕೂ ಮೊದಲೇ, 1972ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದನು. ಹೀಗೆ ಲಿಂಡಾ ಲೇಖನಿಯನ್ನು ಹಿಡಿಯುವ ಹೊತ್ತಿಗೆ ಆ ಕೋಣೆಯ ಓಕ್‌ಲೆಂಡ್ ಪಕ್ಷದ ಮೂವರಲ್ಲಿ ಆಕೆಯೊಬ್ಬಳೇ ಉಳಿದಿದ್ದಳು. ಸತ್ತ ಪತಿಯ ಕೀರ್ತಿಯನ್ನು ಕಾಯಬೇಕಾದವಳ ಮಾತಿನಲ್ಲಿ ಪಕ್ಷಪಾತವಿದ್ದಿರಬಹುದೆಂದು ಹೇಳುವುದು ಸುಲಭ. ಹದಿನೈದು ವರ್ಷ ಓಡಿಹೋದವನೆನಿಸಿಕೊಂಡು ಬದುಕಿದವನ ಮಾತಿನಲ್ಲಿ ಅದು ಇರಲಾರದೆಂದು ಹೇಳುವವರು ಯಾರು?

ಚಲಚ್ಚಿತ್ರಗಳು ಮಾಡಿದ ಅನ್ಯಾಯಕ್ಕೆ ಈ ಎರಡು ವೃತ್ತಾಂತಗಳೂ ಹೊಣೆಯಲ್ಲ. 1993ರ ಚಿತ್ರದಲ್ಲಿ ವಾಂಗನ ಸ್ಥಾನದಲ್ಲಿ ಬೇರೊಂದು ಹೆಸರಿನ ದುಷ್ಟನು ಬಂದನು. ಸೋತ ಮೇಲೆ ಹಿಂದಿನಿಂದ ಒದ್ದು ನಾಯಕನ ಬೆನ್ನೆಲುಬನ್ನು ಕೆಡಿಸಿದನು. ಲೀಯ ಬೆನ್ನಿಗೆ ಪೆಟ್ಟಾದುದು 1970ರಲ್ಲಿ, ಭಾರ ಎತ್ತುವಾಗ, ತನ್ನ ಕೈಯಿಂದಲೇ. 2016ರ ಇನ್ನೊಂದು ಚಿತ್ರವು ವಾಂಗನನ್ನು ಷಾವೋಲಿನ್ ಮಠದಿಂದ ಬಂದ ಸನ್ಯಾಸಿಯನ್ನಾಗಿ ಮಾಡಿತು. ಒಂದು ಚಿತ್ರವು ಅವನನ್ನು ದುಷ್ಟನನ್ನಾಗಿಸಿತು, ಇನ್ನೊಂದು ಸಂತನನ್ನಾಗಿಸಿತು. ಹೋಟೆಲಿನಲ್ಲಿ ತಟ್ಟೆ ಹೊರುತ್ತಿದ್ದ ಆ ತರುಣನು ಎರಡರಲ್ಲಿಯೂ ಇಲ್ಲ.

ನ್ಯಾಯಸ್ಥಾನಗಳಲ್ಲಿ ಒಂದು ಪದ್ಧತಿಯುಂಟು. ಒಬ್ಬನು ತನಗೆ ಅನುಕೂಲವಾಗಿ ಹೇಳಿದ ಮಾತನ್ನು ಅಳೆದು ಸುರಿದು ನೋಡುತ್ತಾರೆ. ತನಗೇ ಪ್ರತಿಕೂಲವಾಗಿ ಹೇಳಿದ ಮಾತಿಗೆ ಬೆಲೆಯನ್ನು ಹೆಚ್ಚಾಗಿ ಕಟ್ಟುತ್ತಾರೆ. ಈ ಪದ್ಧತಿಯಂತೆ ಎರಡು ಪಕ್ಷದ ಮಾತುಗಳನ್ನು ಸೋಸಿದರೆ ಉಳಿಯುವುದು ಸ್ವಲ್ಪವೇ, ಆದರೆ ಗಟ್ಟಿಯಾದುದು. ಬ್ರೂಸ್ ಲೀ ದಣಿದುಹೋದನೆಂಬುದನ್ನು ವಾಂಗನು ಮಾತ್ರವಲ್ಲ, ಲಿಂಡಾಳೂ ಹೇಳುತ್ತಾಳೆ. ಎಲ್ಲರೂ ಹೋದ ಮೇಲೆ ಆಕೆ ನೋಡುವಾಗ, ಗೆದ್ದವನೆಂದು ಆಕೆಯೇ ಹೇಳುವ ಆ ಪತಿಯು ಗೆದ್ದವನ ಮುಖವನ್ನು ಹೊತ್ತಿರಲಿಲ್ಲ. ಒಂದೆಡೆ ಕುಳಿತು, ತಲೆ ತಗ್ಗಿಸಿ, ಇಷ್ಟು ಹೊತ್ತು ಏಕೆ ಬೇಕಾಯಿತು, ಉಸಿರು ಏಕೆ ಕೈಕೊಟ್ಟಿತು ಎಂದು ಕೊರಗುತ್ತಿದ್ದನು. ಪತಿಯ ಕೀರ್ತಿಯನ್ನೇ ಬೆಳೆಸಬೇಕೆಂದಿದ್ದವಳು ಇದನ್ನು ಬರೆಯಬೇಕಾಗಿರಲಿಲ್ಲ. ಈ ಭಾಗದಲ್ಲಿ ಆಕೆಯ ಸಾಕ್ಷ್ಯಕ್ಕೆ ಸಮಾನವಾದುದು ಬೇರೊಂದಿಲ್ಲ. ಇದನ್ನು ಕಂಡವಳು ಆಕೆಯೊಬ್ಬಳೇ.

ಆ ದಿನದ ಮೇಲೆ ಲೀಯು ಓಡತೊಡಗಿದನು. ಬೈಸಿಕಲ್ಲು ತುಳಿದನು, ಭಾರ ಎತ್ತಿದನು. ಪಾಶ್ಚಾತ್ಯರ ಮುಷ್ಟಿಯುದ್ಧವನ್ನೂ ಕತ್ತಿವರಸೆಯನ್ನೂ ಪುಸ್ತಕಗಳಿಂದ ಓದಿದನು. ಗುರುವಿನಿಂದ ಬಂದ ವಿಂಗ್ ಚುನ್ ಪೂರ್ಣವೆಂಬ ನಂಬಿಕೆಯನ್ನು ಬಿಟ್ಟನು. 1967ರಲ್ಲಿ ತನ್ನ ಹೊಸ ಮಾರ್ಗಕ್ಕೆ ಜೀತ್ ಕೂನ್ ದೋ ಎಂದು ಹೆಸರಿಟ್ಟನು. ಜಗತ್ತು ಬೆರಗಾಗಿ ನೋಡಿದ ಆ ಮೈಕಟ್ಟು, ಆ ವೇಗ, ಆ ಉಸಿರು, ಎಲ್ಲ ಈ ಅನಂತರದ ಬೆಳೆ. ಸನ್ ಸಿಂಗ್ ರಂಗದ ಮೇಲೆ ಹಳೆಯ ವರಸೆಗಳನ್ನು ಅಣಕಿಸಿದಾಗ ತನ್ನ ವಿದ್ಯೆಯೂ ಅವುಗಳ ಸಾಲಿಗೇ ಸೇರಿದೆಯೆಂದು ಆತನು ಎಣಿಸಿರಲಿಲ್ಲ.

ವಾಂಗನೂ ತನಗೆ ಪ್ರತಿಕೂಲವಾದ ಒಂದು ಮಾತನ್ನು ಹೇಳಿದನು. ಆ ಕಾಳಗಕ್ಕೆ ಹೋದುದು ತಪ್ಪು. ಲೀಯಲ್ಲಿದ್ದ ಗರ್ವವೇ ತನ್ನಲ್ಲಿಯೂ ಇತ್ತು. ಮತ್ತೆ ಅಂತಹ ಸಂದರ್ಭ ಬಂದರೆ ಹೋಗುವುದಿಲ್ಲ ಎಂದು 1980ರ ಆ ಲೇಖನದಲ್ಲಿ ಅವನು ಒಪ್ಪಿಕೊಂಡನು. ಅನಂತರ ಆ ವಿಚಾರವಾಗಿ ಹೆಚ್ಚು ಮಾತನಾಡಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಸಮುದ್ರತೀರದಲ್ಲಿ ಫೋರ್ಟ್ ಮೇಸನ್ ಎಂಬ ಹಳೆಯ ಸೇನಾನೆಲೆಯ ಕಟ್ಟಡದಲ್ಲಿ 2005ರವರೆಗೂ ಪಾಠ ಹೇಳಿದನು. ಅವನ ಶಿಷ್ಯನಾದ ರಿಕ್ ವಿಂಗ್ 2013ರಲ್ಲಿ ಗುರುವಿನ ಪಕ್ಷವನ್ನು ಪುಸ್ತಕರೂಪವಾಗಿ ಬರೆದನು. ಚಾರ್ಲ್ಸ್ ರುಸ್ಸೋ 2016ರಲ್ಲಿ, ಮ್ಯಾಥ್ಯೂ ಪಾಲಿ 2018ರಲ್ಲಿ ಹೊಸ ಚರಿತ್ರೆಗಳನ್ನು ಹೊರತಂದರು. ಪುಸ್ತಕಗಳು ಬಂದಂತೆ ವಿವರಗಳು ಹೆಚ್ಚಿದವು, ಜಗಳ ಕಡಮೆಯಾಗಲಿಲ್ಲ. ವಾಂಗನು 2018ರ ಡಿಸೆಂಬರ್ ತಿಂಗಳಿನಲ್ಲಿ ತೀರಿಕೊಂಡನು. ಎಲ್ಲರೂ ಕಣ್ಣಾರೆ ಕಾಣುವಂತೆ ಬಹಿರಂಗವಾಗಿ ಹೋರಾಡುವೆನೆಂದು ವಾರಪತ್ರಿಕೆಯಲ್ಲಿ ಮಾತು ಕೊಟ್ಟು ಆಗ ಐವತ್ತುಮೂರು ವರ್ಷಗಳ ಮೇಲಾಗಿತ್ತು.